ಉಲ್ಟಾ ತಿರುಪು

1999ನೇ ಇಸವಿ ಆಗಸ್ಟ್ 17, ಮಂಗಳವಾರ. ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಶಿವಮೊಗ್ಗದ ಠಾಣೆಯೊಂದರಲ್ಲಿ ಸಬ್ ಇನ್ಸ್‌ಪೆಕ್ಟರ್ ಓಬಯ್ಯ ಎರಡನೇ ಲೋಟ ಕಾಫಿಯನ್ನು ಬಾಯಿಗೆ ಇಡುವುದಕ್ಕೂ ದೂರು ಬರುವುದಕ್ಕೂ ಸರಿಹೋಯಿತು.

ಓಬಯ್ಯನ ಹೊಟ್ಟೆ ಅವನಿಗಿಂತ ಒಂದು ನಿಮಿಷ ಮೊದಲೇ ಠಾಣೆಯ ಬಾಗಿಲು ದಾಟುತ್ತಿತ್ತು. ಅದರ ಹಿಂದಿನಿಂದ ಅವನು ಬಂದು ತಲುಪುವಷ್ಟರಲ್ಲಿ ಪೇದೆಗಳು ಸೆಲ್ಯೂಟ್ ಹೊಡೆದು ಮುಗಿಸಿ ಕೆಲಸಕ್ಕೆ ಕೂತಿರುತ್ತಿದ್ದರು. ಆದರೆ ಕಾಗದಪತ್ರದಲ್ಲಿ ಮನುಷ್ಯ ಬಲು ಬಿಗಿ. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವನು ಬರೆದ ಒಂದೇ ಒಂದು ಪಂಚನಾಮೆಯಲ್ಲೂ ಯಾವ ವಕೀಲನಿಗೂ ಸೂಜಿ ತೂರಿಸಲು ಆಗಿರಲಿಲ್ಲ. ಕಳುವಾದ ಕೋಳಿ ಸಿಕ್ಕಿದರೆ ಅದರ ಪುಕ್ಕವನ್ನೂ ಎಣಿಸಿ ಬರೆಯುವವನು. ಅದೇ ಅವನ ಹೆಮ್ಮೆ. ಕಡೆಗೆ ಅದೇ ಅವನಿಗೆ ಮುಳುವಾಯಿತು.

ದೂರು ತಂದವಳು ವಿದ್ಯಾನಗರದ ಒಂದು ಸಾರ್ವಜನಿಕ ಗ್ರಂಥಾಲಯದ ಲೈಬ್ರೇರಿಯನ್ ಧನಲಕ್ಷ್ಮಿ. ನಲವತ್ತು ದಾಟಿದ ಹೆಂಗಸು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಏನಮ್ಮ ಕಳುವಾಗಿದೆ?"

"ಕಾರ್ಡು ಸರ್."

"ರೇಷನ್ ಕಾರ್ಡಾ?"

"ಅಲ್ಲ ಸರ್. ಲೈಬ್ರರಿದು. ಯಾವ ಪುಸ್ತಕ ಎಲ್ಲಿದೆ ಅಂತ ಬರೆದಿಟ್ಟ ಕಾರ್ಡು. ಎಂಟು ಡ್ರಾಯರ್ ತುಂಬ ಇದ್ದವು."

"ಪುಸ್ತಕ ಎಷ್ಟು ಹೋಗಿವೆ?"

"ಒಂದೂ ಹೋಗಿಲ್ಲ."

ಮೂಲೆಯಲ್ಲಿದ್ದ ಕಾನ್‌ಸ್ಟೇಬಲ್ ಮುಸ್ತಕೀಮ್‌ಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. "ಬಾಳೆಹಣ್ಣು ಬಿಟ್ಟು ಸಿಪ್ಪೆ ತಿಂದೋಗಿದಾನೆ ಸಾರ್."

"ನೀನು ಸುಮ್ನಿರು ಮಾರಾಯ," ಎಂದ ಓಬಯ್ಯ. ಅವನಿಗೂ ಒಳಗೊಳಗೇ ನಗು ಬಂದಿತ್ತು. ಧನಲಕ್ಷ್ಮಿಯ ಕಣ್ಣು ನೋಡಿ ನುಂಗಿಕೊಂಡ.

ಅವಳು ನಿಂತೇ ಬಿಡಿಸಿ ಹೇಳಿದಳು. ಶಿವಮೊಗ್ಗ, ಭದ್ರಾವತಿಯ ಎರಡು ಸಾರ್ವಜನಿಕ ಗ್ರಂಥಾಲಯ, ನಾಲ್ಕು ಕಾಲೇಜಿನ ಗ್ರಂಥಾಲಯ, ಈ ಆರೂ ಸೇರಿ ಒಂದು ಒಪ್ಪಂದ ಮಾಡಿಕೊಳ್ಳುವುದಿತ್ತು. ಭದ್ರಾವತಿಯ ಫ್ಯಾಕ್ಟರಿ ಕೆಲಸಗಾರನ ಮಗಳಿಗೆ ಶಿವಮೊಗ್ಗದ ಕಾಲೇಜಿನಲ್ಲಿರುವ ಪುಸ್ತಕ ಬೇಕಾದರೆ ಅವಳು ತನ್ನೂರಿನ ಗ್ರಂಥಾಲಯದಲ್ಲೇ ಕೇಳಿದರಾಯಿತು. ಗುರುವಾರದ ಬಸ್ಸಿಗೆ ಟ್ರಂಕಿನಲ್ಲಿ ಪುಸ್ತಕ ಬರುತ್ತದೆ, ಮುಂದಿನ ಗುರುವಾರ ವಾಪಸ್ ಹೋಗುತ್ತದೆ. ಆದರೆ ಯಾವ ಪುಸ್ತಕ ಯಾವ ಗ್ರಂಥಾಲಯದಲ್ಲಿದೆ ಎಂದು ಗೊತ್ತಾಗುವುದು ಆ ಕಾರ್ಡಿನಿಂದ. ಆರೂ ಗ್ರಂಥಾಲಯದ ಕಾರ್ಡು ಒಂದೇ ಬೀರುವಿನಲ್ಲಿ, ವಿದ್ಯಾನಗರದಲ್ಲಿ. ಬೇರೆ ಪ್ರತಿ ಇಲ್ಲ. ಇನ್ನು ಮೇಲೆ ಕಂಪ್ಯೂಟರಿಗೆ ಏರಿಸಬೇಕಿತ್ತು.

"ಬರೋ ಮಂಗಳವಾರ, 24ನೇ ತಾರೀಕು ಸಹಿ ಹಾಕೋ ಸಭೆ ಸರ್. ಕಾಲೇಜಿನವರು ಅರೆಮನಸ್ಸಿಂದ ಒಪ್ಪಿದಾರೆ. ಹೊರಗಿನೋರಿಗೆ ಯಾಕೆ ಪುಸ್ತಕ ಕೊಡ್ಬೇಕು ಅಂತ ಎರಡು ವರ್ಷ ಸತಾಯಿಸಿದ್ರು. ಕಾರ್ಡಿಲ್ಲ ಅಂದ್ರೆ ಅಷ್ಟೇ ನೆಪ ಸಾಕು ಅವರಿಗೆ. ಮತ್ತೆ ಒಪ್ಪಲ್ಲ."

ಓಬಯ್ಯ ಫಾರಂ ಎಳೆದುಕೊಂಡ. "ಸ್ವತ್ತಿನ ಬೆಲೆ?"

ಧನಲಕ್ಷ್ಮಿ ಯೋಚಿಸಿದಳು. "ಬರೆಯೋಕೆ ಎರಡು ವರ್ಷ ಹಿಡಿದಿದೆ ಸರ್."

ಓಬಯ್ಯ ಪೆನ್ನು ಎತ್ತಿ ಅವಳ ಮುಖ ನೋಡಿದ. ಆಮೇಲೆ ಬೆಲೆಯ ಕಾಲಂನಲ್ಲಿ "ಎರಡು ವರ್ಷ" ಎಂದೇ ಬರೆದ.

ಚುನಾವಣೆ ಬಂದೋಬಸ್ತಿಗೆ ಅರ್ಧ ಠಾಣೆ ಖಾಲಿಯಾಗಿತ್ತು. "ಅರ್ಜಿ ಅಂತ ತಗೊಂಡು ಹುಡುಕಿಕೊಡ್ತೀನಿ," ಎಂದು ಓಬಯ್ಯ ಒಂದು ಮಾತು ಹೇಳಿ ನೋಡಿದ. "ಎಫ್‌ಐಆರ್ ಬೇಕೇ ಬೇಕಾ?"

"ಬೇಕು ಸರ್. ಇಲ್ಲದಿದ್ರೆ ನಾನೇ ಕಳೆದೆ ಅಂತಾರೆ ಮೇಲಿನವರು."

ಬೇಕು ಎನ್ನುವುದನ್ನು ಕೇಳಲಿಕ್ಕೇ ಕಾದಿದ್ದವನಂತೆ ಓಬಯ್ಯ ಬರೆಯಲು ಕೂತ. 10 ಗಂಟೆ 25 ನಿಮಿಷಕ್ಕೆ ಅಪರಾಧ ಸಂಖ್ಯೆ 212/99, ಕಲಂ 380ರ ಅಡಿ ಕಳ್ಳತನ ಎಂದು ದಾಖಲಾಯಿತು. ಹೋಗುವಾಗ ಧನಲಕ್ಷ್ಮಿ ತನ್ನ ಫೋನ್ ನಂಬರನ್ನು ಒಂದು ದಪ್ಪ ಚೀಟಿಯ ಮೇಲೆ ಬರೆದುಕೊಟ್ಟಳು. ಓಬಯ್ಯ ಚೀಟಿಯನ್ನು ತಿರುವಿ ನೋಡಿದ. ಹಿಂದೆ ಯಾವುದೋ ಪುಸ್ತಕದ ಅರ್ಧ ಹೆಸರು, ಕೆಳಗೆ ದುಂಡಗಿನ ಅಕ್ಷರದಲ್ಲಿ "ಭದ್ರವತಿ" ಎಂದಿತ್ತು. ಜೇಬಿಗೆ ಹಾಕಿಕೊಂಡ.

ಅದೇ ದಿನ 11 ಗಂಟೆ 30 ನಿಮಿಷಕ್ಕೆ ಸ್ಥಳ ಪಂಚನಾಮೆ.

ಬೀರು ಎಂದರೆ ಅಂತಿಂಥ ಬೀರುವಲ್ಲ, ಅದನ್ನು ಒಂದು ಗೇಣು ಸರಿಸಬೇಕಾದರೂ ಸಕ್ರೆಬೈಲಿನ ಆನೆ ಬಿಡಾರದಿಂದ ಎರಡು ಆನೆ ಕರೆಸಬೇಕಿತ್ತು. ಅದರಲ್ಲಿ ಇಪ್ಪತ್ನಾಲ್ಕು ಸಣ್ಣ ಡ್ರಾಯರು. ಪ್ರತಿ ಡ್ರಾಯರಿನಲ್ಲೂ ಕಾರ್ಡುಗಳು ಒತ್ತಾಗಿ ನಿಂತಿದ್ದವು. ಕಾರ್ಡಿನ ಕೆಳಗಡೆ ನಡುವೆ ಒಂದು ತೂತು. ಆ ತೂತುಗಳೊಳಗೆ ಈ ತುದಿಯಿಂದ ಆ ತುದಿಗೆ ಒಂದು ಹಿತ್ತಾಳೆ ಕಂಬಿ, ಮುಂದೆ ತಿರುಪಿನ ಗುಬುಟು. ಕಂಬಿ ಬಿಚ್ಚದೆ ಒಂದು ಕಾರ್ಡೂ ಈಚೆ ಬರುವುದಿಲ್ಲ.

ಎಂಟು ಡ್ರಾಯರ್ ಖಾಲಿ. ಎಂಟು ಕಂಬಿಯನ್ನೂ ಬೀರುವಿನ ಮೇಲೆ ಊಟದ ಎಲೆ ಹಾಸಿದಂತೆ ಸಾಲಾಗಿ ಇಟ್ಟಿದ್ದರು. ಒಂದಕ್ಕೂ ಗೀರು ಬಿದ್ದಿರಲಿಲ್ಲ.

"ಕಳ್ಳನಿಗೆ ಅವಸರ ಇರ್ಲಿಲ್ಲ," ಎಂದ ಓಬಯ್ಯ. "ಒಂದು ಬಿಚ್ಚಿ ನೋಡೋ, ಎಷ್ಟು ಹೊತ್ತು ಹಿಡಿಯುತ್ತೆ."

ಮುಸ್ತಕೀಮ್ ಕಾರ್ಡು ತುಂಬಿದ್ದ ಇನ್ನೊಂದು ಡ್ರಾಯರಿನ ಗುಬುಟು ಹಿಡಿದು ತಿರುಗಿಸಿದ. ತಿರುಗಿಸಿದ, ಮತ್ತೂ ತಿರುಗಿಸಿದ. ಮುಖ ಮೆಣಸಿನಕಾಯಿಯಾಯಿತು, ಅಂಗೈ ಬೀಟ್ರೂಟಾಯಿತು, ಕಂಬಿ ಮಾತ್ರ ಅಲ್ಲಾಡಲಿಲ್ಲ. ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಕಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಹದಿನೆಂಟು ವರ್ಷದಿಂದ ಆ ಗ್ರಂಥಾಲಯ ಗುಡಿಸುವವಳು.

"ಅದು ಉಲ್ಟಾ ಕಣಪ್ಪ. ಬಿಚ್ಬೇಕು ಅಂದ್ರೆ ಬಿಗಿ ಮಾಡ್ಬೇಕು. ಬಿಗಿ ಮಾಡ್ಬೇಕು ಅಂದ್ರೆ ಬಿಚ್ಬೇಕು. ನೀನು ಇನ್ನೊಂದು ವರ್ಷ ಹಂಗೇ ತಿರುಗ್ಸು, ಮೀಸೆ ಬೆಳ್ಳಗಾಗುತ್ತೆ."

ಮುಸ್ತಕೀಮ್ ಆ ಕಡೆಯಿಂದ ಈ ಕಡೆಗೆ ತಿರುಗಿಸಿದ. ಮೂರು ಸುತ್ತಿಗೆ ಕಂಬಿ ಬೆಣ್ಣೆಯಂತೆ ಜಾರಿತು.

ಓಬಯ್ಯನ ಕಿವಿ ನೆಟ್ಟಗಾಯಿತು. "ಉಲ್ಟಾ ಅಂತ ಯಾರ್ಯಾರಿಗೆ ಗೊತ್ತು ಕಲ್ಲಮ್ಮ?"

"ನಂಗೆ, ಮೇಡಂಗೆ. ಜಯಮ್ಮಂಗೆ ಗೊತ್ತಿತ್ತು. ಕಾಲೇಜು ಹುಡುಗ್ರು ಕಾರ್ಡು ಎಗರಿಸ್ತಾರೆ ಅಂತ ಅವಳೇ ಎಲ್ಲಿಂದಲೋ ಮಾಡಿಸ್ಕೊಂಡು ಬಂದಿದ್ದು."

"ಜಯಮ್ಮ ಎಲ್ಲಿ?"

"ಮೇಲೆ," ಎಂದಳು ಕಲ್ಲಮ್ಮ. "ಹೋದ ವರ್ಷ ಶಿವರಾತ್ರಿ ಮುಂದೆ. ಕಾಮಾಲೆ. ಇಪ್ಪತ್ತಾರು ವರ್ಷದ ಹುಡುಗಿ, ದಿನಗೂಲಿ. ಇದರಲ್ಲಿ ಎಷ್ಟೋ ಕಾರ್ಡು ಅವಳೇ ಬರೆದಿದ್ದು."

ಧನಲಕ್ಷ್ಮಿ ವರ್ಗವಾಗಿ ಬಂದು ಒಂದೇ ವರ್ಷವಾಗಿತ್ತು. ಜಯಾಳನ್ನು ನೋಡಿರಲಿಲ್ಲ.

ಓಬಯ್ಯ ಮುಂದಿನ ಪ್ರಶ್ನೆಗಳನ್ನು ಕೇಳಿ ಬರೆದುಕೊಂಡ. ಬೀಗ ಒಡೆದಿಲ್ಲ. ಕೀಲಿ ಇಬ್ಬರ ಬಳಿ ಮಾತ್ರ. ಶನಿವಾರ ಸಂಜೆ 5ಕ್ಕೆ ಕಾರ್ಡು ಇದ್ದವು. ಸೋಮವಾರ ರಜೆ. ಭಾನುವಾರ, 15ನೇ ತಾರೀಕು, ಬೆಳಿಗ್ಗೆ ಎಂಟೂವರೆಗೆ ಬಾವುಟ ಹಾರಿಸಿದ್ದರು. ಹತ್ತು ಗಂಟೆಯವರೆಗೆ ಬಾಗಿಲು ತೆರೆದಿತ್ತು.

"ಎಲ್ಲರೂ ಅಂಗಳದಲ್ಲಿದ್ವಿ ಸರ್," ಎಂದಳು ಧನಲಕ್ಷ್ಮಿ. "ಬೂಂದಿ ಹಂಚ್ತಾ ಇದ್ವಿ. ಬೂಂದಿ ಅಂದ್ರೆ ಇಡೀ ಬೀದಿ ಬಂದಿತ್ತು. ಯಾರು ಒಳಗೆ ಹೋದ್ರು, ಯಾರು ಬಂದ್ರು ಅಂತ ಹೇಳೋಕಾಗಲ್ಲ."

ಕೌಂಟರಿನ ಮೇಲೆ ಒಂದು ರಟ್ಟಿನ ಡಬ್ಬ. ಅದರ ತುಂಬ ಅರ್ಧ ಕತ್ತರಿಸಿದ ಕಾರ್ಡುಗಳು. ಓದುಗರು ಪುಸ್ತಕದ ನಂಬರ್ ಬರೆದುಕೊಳ್ಳಲು ಇಟ್ಟಿದ್ದರು. ಓಬಯ್ಯ ತನ್ನ ಜೇಬಿನ ಚೀಟಿ ತೆಗೆದು ಹೋಲಿಸಿದ. ಅದೇ ದುಂಡು ಅಕ್ಷರ.

"ಇದನ್ನ ಯಾರು ಕತ್ತರಿಸಿದ್ದು?"

"ಜಯಮ್ಮನೇ," ಎಂದಳು ಕಲ್ಲಮ್ಮ. "ಬರೆಯುವಾಗ ತಪ್ಪಾದ ಕಾರ್ಡು. ಬಿಸಾಡೋಕೆ ಅವಳಿಗೆ ಮನಸ್ಸಿಲ್ಲ. ಮಧ್ಯಾಹ್ನ ಊಟ ಆದ್ಮೇಲೆ ಕತ್ತರಿ ಹಿಡ್ಕೊಂಡು ಕೂರ್ತಿದ್ಲು. ಸತ್ತು ಒಂದೂವರೆ ವರ್ಷ ಆಯ್ತು, ಇನ್ನೂ ಡಬ್ಬ ಬರಿದಾಗಿಲ್ಲ ನೋಡಿ."

ಓಬಯ್ಯ ಅದನ್ನು ಕೇಳಿಕೊಂಡ, ಪಂಚನಾಮೆಗೆ ಸಂಬಂಧವಿಲ್ಲ ಎಂದು ಬರೆದುಕೊಳ್ಳಲಿಲ್ಲ.

18, ಬುಧವಾರ. ಬೆಳಿಗ್ಗೆಯೆಲ್ಲ ಮುಸ್ತಕೀಮ್ ರದ್ದಿ ಅಂಗಡಿಗಳನ್ನು ಜಾಲಾಡಿದ. ಹಳೆ ಪೇಪರ್ ಧೂಳಿಗೆ ಅವನು ಸೀನಿದ ಸೀನಿಗೆ ಗಾಂಧಿಬಜಾರಿನ ಅರ್ಧ ಹೂವು ಉದುರಿರಬೇಕು. ಕಾರ್ಡು ಸಿಗಲಿಲ್ಲ.

ಮಧ್ಯಾಹ್ನ 3ಕ್ಕೆ ಓಬಯ್ಯ ಒಂದು ಕಾಲೇಜಿಗೆ ಹೋದ. ಅಲ್ಲಿನ ಲೈಬ್ರೇರಿಯನ್ ಶಿವಪ್ರಸಾದ್ ಈ ಒಪ್ಪಂದಕ್ಕೆ ಮೊದಲಿನಿಂದಲೂ ಅಡ್ಡಗಾಲು ಹಾಕಿದವನು ಎಂದು ಧನಲಕ್ಷ್ಮಿ ಹೇಳಿದ್ದಳು.

"ಭಾನುವಾರ ಬೆಳಿಗ್ಗೆ ಎಲ್ಲಿದ್ರಿ?"

"ಇಲ್ಲೇ. ಬಾವುಟದ ಕೆಳಗೆ. ಫೋಟೋ ಇದೆ."

"ಒಪ್ಪಂದ ನಿಮಗೆ ಬೇಡ."

"ಬೇಡ. ನಮ್ಮ ಪುಸ್ತಕ ಬಸ್ಸಲ್ಲಿ ಊರೂರು ತಿರುಗೋದು ನನಗೆ ಇಷ್ಟ ಇಲ್ಲ. ಅದಕ್ಕೆ ಕದೀಬೇಕಾ ಸರ್? ಮಂಗಳವಾರ ಸಭೆಯಲ್ಲಿ ಪೆನ್ನಿನ ಕ್ಯಾಪ್ ತೆಗೀದಿದ್ರೆ ಸಾಕಲ್ಲ."

ಮಾತು ಸರಿಯಾಗಿಯೇ ಇತ್ತು. ಓಬಯ್ಯ ಖಾಲಿಯಾದ ಎಂಟು ಡ್ರಾಯರಿನ ಪಟ್ಟಿ ಮುಂದಿಟ್ಟ. ಶಿವಪ್ರಸಾದ್ ಕನ್ನಡಕ ಏರಿಸಿ ನೋಡಿದ. ನೋಡುತ್ತ ಅವನ ದನಿ ತಗ್ಗಿತು.

"ಇವೆಲ್ಲ ಜಯಾ ಬರೆದಿದ್ದು. ಮಿಕ್ಕ ಹದಿನಾರು ಡ್ರಾಯರು ಟೈಪ್ ಮಾಡಿದ್ದು. ಕಳ್ಳ ಟೈಪ್ ಮಾಡಿದ್ದು ಒಂದೂ ಮುಟ್ಟಿಲ್ಲ."

"ಆ ಹುಡುಗಿ ನಿಮಗೆ ಹೇಗೆ ಗೊತ್ತು?"

"ನಮ್ಮ ಪುಸ್ತಕಾನೂ ನೋಡಿ ಬರ್ಕೋಬೇಕಿತ್ತಲ್ಲ. ಒಂದು ವರ್ಷ ದಿನಾ ಬಂದ್ಲು. ನಾನು ಕುರ್ಚಿ ಕೊಡ್ಬೇಡಿ ಅಂದಿದ್ದೆ. ನಿಂತ್ಕೊಂಡೇ ಬರೆದ್ಲು." ಶಿವಪ್ರಸಾದ್ ಪಟ್ಟಿಯನ್ನು ವಾಪಸ್ ತಳ್ಳಿದ. "ಕೊಡಬಹುದಿತ್ತು."

"ಯಾವೂರು?"

"ಭದ್ರಾವತಿ. ಅವರಪ್ಪ ಫ್ಯಾಕ್ಟರೀಲಿ ಲೇತ್ ಮಿಷನ್ ಮೇಲಿದ್ದ ಅಂತಿದ್ಲು. ಬೀರು ಕಂಬಿ ಅವನೇ ಮಾಡಿಕೊಟ್ಟಿದ್ದಂತೆ. 'ನಮ್ಮಪ್ಪನ ತಿರುಪು ನಮ್ಮಪ್ಪನಷ್ಟೇ ಉಲ್ಟಾ ಸರ್' ಅಂತ ನಗೋಳು."

ಓಬಯ್ಯನಿಗೆ ಕಳ್ಳ ಸಿಕ್ಕಿದ ಹಾಗಾಯಿತು. ಮೂವತ್ತು ವರ್ಷದಲ್ಲಿ ಮೊದಲನೇ ಸಲ, ಸಿಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

19, ಗುರುವಾರ. ಗುಮಾನಿ ಸಾಕಾಗುವುದಿಲ್ಲ, ಸಾಕ್ಷಿ ಬೇಕು. ಗ್ರಂಥಾಲಯದ ಎದುರಿನ ಸ್ಟ್ಯಾಂಡಿನಲ್ಲಿ ಆಟೋ ಓಡಿಸುವ ಬಾಬು ಸಾಬ್ ಬೆಳಿಗ್ಗೆ 11ಕ್ಕೆ ಹೇಳಿಕೆ ಕೊಟ್ಟ.

"ಹೌದು ಸಾಬ್. ಇಂಡಿಪೆಂಡೆನ್ಸ್ ದಿನ ಒಬ್ರು ಬುಡ್ಡಾ ಬಂದ್ರು. ಬಿಳಿ ಷರ್ಟು. ಎರಡು ಬಟ್ಟೆ ಚೀಲ, ಭಾರ. ಬಸ್ ಸ್ಟ್ಯಾಂಡ್ ಅಂದ್ರು."

"ಚೀಲ ಎಲ್ಲಿಟ್ರು?"

"ತೊಡೆ ಮೇಲೆ. ಕೆಳಗೆ ಇಡಿ ಅಜ್ಜಾ ಅಂದೆ. 'ಕಾಲು ತಾಗುತ್ತೆ, ಬೇಡ' ಅಂದ್ರು. ದೇವರ ಫೋಟೋ ಇರ್ಬೇಕು ಅಂತ ನಾನು ಗುಂಡಿ ತಪ್ಪಿಸಿ ಓಡಿಸ್ದೆ."

"ಯಾವ ಬಸ್ ಹತ್ತಿದ್ರು?"

"ಭದ್ರಾವತಿದು. ಚೀಲ ನಾನೇ ಎತ್ತಿಕೊಟ್ಟೆ ಸಾಬ್. ತಪ್ಪಾಯ್ತಾ?"

"ನಿಂದೇನೂ ತಪ್ಪಿಲ್ಲ," ಎಂದು ಓಬಯ್ಯ ಸಹಿ ಹಾಕಿಸಿಕೊಂಡ.

20, ಶುಕ್ರವಾರ. ಬೆಳಿಗ್ಗೆ 10 ಗಂಟೆ 15 ನಿಮಿಷಕ್ಕೆ ಓಬಯ್ಯ, ಮುಸ್ತಕೀಮ್ ಭದ್ರಾವತಿ ತಲುಪಿ, ಅಲ್ಲಿನ ಠಾಣೆಗೆ ತಿಳಿಸಿ, ಇಬ್ಬರು ಪಂಚರನ್ನು ಕರೆದುಕೊಂಡು ಕಲ್ಲಮ್ಮ ಹೇಳಿದ್ದ ಗುರುತಿನ ಮೇಲೆ ಹಳೇನಗರದ ಒಂದು ಓಣಿಗೆ ಹೋದರು. ಜಯಾಳ ಅಪ್ಪ ಲಿಂಗಪ್ಪನ ಮನೆ ಯಾವುದೆಂದು ಕೇಳಿದರೆ ಮೂರು ಮನೆಯವರು ಒಟ್ಟಿಗೆ ಕೈ ತೋರಿಸಿದರು. ಓಣಿಯ ಕುಕ್ಕರಿನ ಹಿಡಿ, ಸೈಕಲಿನ ಪೆಡಲು, ಹೊಲಿಗೆ ಮಿಷನ್ನಿನ ಚಕ್ರ, ಏನು ಮುರಿದರೂ ರಿಟೈರಾದ ಆ ಮನುಷ್ಯನ ಕೈಗೇ ಬರುತ್ತಿತ್ತಂತೆ.

ಬಾಗಿಲು ತೆರೆದವಳು ಅವನ ಹೆಂಡತಿ ದ್ಯಾಮಮ್ಮ. ಯೂನಿಫಾರಂ ನೋಡಿ ಹೆದರಲಿಲ್ಲ. "ಬನ್ನಿ, ಕಾಫಿಗೆ ಇಡ್ತೀನಿ," ಎಂದು ಒಳಗೆ ಹೋದಳು. ಐದು ದಿನದಿಂದ ಕಾಯುತ್ತಿದ್ದವಳ ಹಾಗಿತ್ತು ಅವಳ ದನಿ.

ಲಿಂಗಪ್ಪ ಮಂಚದ ಮೇಲೆ ಕೂತಿದ್ದ. ಬಿಳಿ ಷರ್ಟು. ಬಲಗೈ ಹೆಬ್ಬೆರಳಿನ ತುದಿ ಎಂದೋ ಮಿಷನ್ನಿಗೆ ಹೋಗಿತ್ತು.

"ಯಾಕೆ ಬಂದಿದೀವಿ ಅಂತ ಗೊತ್ತಾ ಯಜಮಾನ್ರೇ?"

"ಗೊತ್ತು ಸರ್."

"ಎಲ್ಲಿವೆ?"

ಲಿಂಗಪ್ಪ ಮಂಚದ ಕೆಳಗಿನ ಟ್ರಂಕು ಎಳೆದ. ಮೇಲೆ ಬೇವಿನ ಸೊಪ್ಪು, ಅದರ ಕೆಳಗೆ ಒಗೆದ ಪಂಚೆ, ಅದರ ಕೆಳಗೆ ಕಾರ್ಡು. ಎಂಟು ಸಾಲು. ಪ್ರತಿ ಸಾಲಿನ ತೂತಿನೊಳಗೂ ಬಿಳಿ ನೂಲಿನ ದಾರ ಪೋಣಿಸಿ, ಎರಡು ತುದಿಯಲ್ಲೂ ಗಂಟು ಹಾಕಿ, ಮೇಲೊಂದು ಚೀಟಿಯಲ್ಲಿ ಡ್ರಾಯರಿನ ನಂಬರ್ ಬರೆದಿದ್ದ. ಗ್ರಂಥಾಲಯದಲ್ಲಿ ಹೇಗಿತ್ತೋ ಹಾಗೇ, ಒಂದು ಕಾರ್ಡೂ ಹಿಂದುಮುಂದಾಗಿರಲಿಲ್ಲ.

"ಯಾಕೆ ತಂದ್ರಿ?"

ಲಿಂಗಪ್ಪ ಹೇಳಿದ್ದನ್ನು ಓಬಯ್ಯ ಒಂದೊಂದೇ ಮಾತಾಗಿ ಬರೆದುಕೊಂಡ.

ಮಗಳು ಹೋದ ಮೇಲೆ ಲಿಂಗಪ್ಪ ವಿದ್ಯಾನಗರದ ಕಡೆ ತಲೆ ಹಾಕಿರಲಿಲ್ಲ. ಜುಲೈ ತಿಂಗಳಲ್ಲಿ ಯಾವುದೋ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದವನಿಗೆ ಅವಳು ಕೂತ ಜಾಗ ನೋಡಬೇಕು ಅನ್ನಿಸಿತು. ಸುಮ್ಮನೆ ನಿಂತರೆ ಯಾರಾದರೂ ಕೇಳುತ್ತಾರೆಂದು ಒಂದು ಪುಸ್ತಕದ ಹೆಸರು ಹೇಳಿದ. ಕೌಂಟರಿನಲ್ಲಿದ್ದವರು ನಂಬರ್ ಬರೆದುಕೊಳ್ಳಿ ಎಂದು ಒಂದು ಚೀಟಿ ಕೊಟ್ಟರು. ತಿರುವಿದರೆ ಮಗಳ ಅಕ್ಷರ. ನಡುವಿಗೆ ಕತ್ತರಿಸಿದ್ದರು.

"ಡಬ್ಬದ ತುಂಬ ಇದ್ವು ಸರ್. ಒಬ್ಬ ಹುಡುಗ ಅದರ ಮೇಲೆ ಪೆನ್ ಬರೆಯುತ್ತಾ ಅಂತ ಗೀಚಿ ನೋಡಿ ಬಿಸಾಕಿದ. ಪಕ್ಕದಲ್ಲಿ ಯಾರೋ ಅಂತಿದ್ರು, ಕಂಪ್ಯೂಟರ್ ಬರುತ್ತೆ, ಇನ್ನು ಈ ಕಾರ್ಡೆಲ್ಲ ದಂಡ ಅಂತ. ಒಂದೊಂದೇ ಡ್ರಾಯರ್ ತೆಗೆದು ಕತ್ತರಿಸ್ತಿದ್ದಾರೆ ಅಂದ್ಕೊಂಡೆ. ಉಳಿದಿದ್ದಾದ್ರೂ ಉಳೀಲಿ ಅಂತ ತಂದೆ."

"ಕೇಳಬಹುದಿತ್ತಲ್ಲ."

"ಯಾರನ್ನ ಕೇಳ್ಲಿ ಸರ್? ದಿನಗೂಲಿಯವಳ ಅಪ್ಪ ನಾನು. ಅವಳು ಸತ್ತಾಗ ಅಲ್ಲಿಂದ ಬಂದಿದ್ದು ಆ ಕಸ ಗುಡಿಸೋ ಕಲ್ಲಮ್ಮ ಒಬ್ಬಳೇ."

ಓಬಯ್ಯ ಪೆನ್ನು ಕೆಳಗಿಟ್ಟ. ಹೇಳಬೇಕೋ ಬೇಡವೋ ಎಂದು ಒಂದು ಕ್ಷಣ ನೋಡಿದ. ಆದರೆ ಅವನು ಅರ್ಧ ಬರೆದು ಬಿಡುವವನಲ್ಲ.

"ಆ ಚೀಟಿ ಕತ್ತರಿಸಿದ್ದು ನಿಮ್ಮ ಮಗಳೇ ಯಜಮಾನ್ರೇ. ತಪ್ಪು ಬರೆದ ಕಾರ್ಡು ದಂಡ ಆಗಬಾರದು ಅಂತ ಅವಳೇ ಕತ್ತರಿಸಿ ಇಟ್ಟಿದ್ದಂತೆ. ಈ ಒಳ್ಳೆ ಕಾರ್ಡು ಯಾರೂ ಮುಟ್ಟಿರಲಿಲ್ಲ. ಮಂಗಳವಾರ ಇದರಿಂದಲೇ ಆರೂ ಲೈಬ್ರರಿ ಒಂದಾಗೋದಿತ್ತು."

ಲಿಂಗಪ್ಪ ಟ್ರಂಕಿನಿಂದ ತೆಗೆದ ಪಂಚೆಯನ್ನು ಮಡಿಸಿ ಪಕ್ಕಕ್ಕಿಟ್ಟ. ಕಾಫಿ ತಂದ ದ್ಯಾಮಮ್ಮ ಲೋಟ ಹಿಡಿದುಕೊಂಡೇ ನಿಂತಿದ್ದಳು.

"ಅದನ್ನೇ ಹೇಳ್ತಿದ್ಲು," ಎಂದ ಲಿಂಗಪ್ಪ ಕಡೆಗೆ. "ಇದೊಂದು ಮುಗೀಲಿ ಅಪ್ಪ, ನಮ್ಮ ಓಣಿ ಹುಡುಗೀರಿಗೆ ದೊಡ್ಡ ಕಾಲೇಜಿನ ಪುಸ್ತಕ ಬಸ್ಸಲ್ಲಿ ಬರುತ್ತೆ ಅಂತ. ತಗೊಂಡು ಹೋಗಿ ಸರ್. ಈಗಲೇ ತಗೊಂಡು ಹೋಗಿ ಕೊಟ್ಬಿಡಿ."

"ಪಂಚನಾಮೆ ಆಗ್ಬೇಕು."

11 ಗಂಟೆ 5 ನಿಮಿಷಕ್ಕೆ ಪಂಚನಾಮೆ ಶುರುವಾಯಿತು. ಓಬಯ್ಯ ಎಣಿಸುವವನು, ಅಂದಾಜು ಬರೆಯುವವನಲ್ಲ. ಸಾಲು ಬಿಚ್ಚಿ, ನೂರು ನೂರರ ಕಟ್ಟು ಮಾಡಿ, ಪ್ರತಿ ಕಟ್ಟಿಗೂ ಪಂಚರ ಸಹಿ ಹಾಕಿಸಬೇಕು ಎಂದ. ಮುಸ್ತಕೀಮ್ ಕತ್ತರಿ ತೆಗೆದುಕೊಂಡಾಗ ಲಿಂಗಪ್ಪ ಎದ್ದು ನಿಂತ.

"ದಾರ ಕತ್ತರಿಸ್ಬೇಡಿ ಸರ್. ವರಸೆ ತಪ್ಪುತ್ತೆ. ಹಂಗೇ ಎಣಿಸಿ, ನಾನೇ ಹಿಡ್ಕೋತೀನಿ."

"ನೀವು ಮುಟ್ಟಬಾರದು ಯಜಮಾನ್ರೇ. ನೀವು ಆರೋಪಿ."

ಮುಸ್ತಕೀಮ್ ಓಬಯ್ಯನ ಮುಖ ನೋಡಿದ. ಓಬಯ್ಯ ತಲೆಯಾಡಿಸಿದ. ದಾರ ಕತ್ತರಿಸಿದರು.

ನಾಲ್ಕು ಗಂಟೆ ಹಿಡಿಯಿತು. ಒಂದು ಸಲ ಫ್ಯಾನಿನ ಗಾಳಿಗೆ ಇನ್ನೂರು ಕಾರ್ಡು ಮನೆ ತುಂಬ ಹಾರಿದವು, ಮಂಚದ ಕೆಳಗಿನಿಂದ, ಒಲೆಯ ಪಕ್ಕದಿಂದ ಆಯ್ದರು. ಪಂಚರಲ್ಲೊಬ್ಬ ಎಣಿಕೆ ತಪ್ಪಿ ಎರಡು ಸಲ ಮೊದಲಿಂದ ಶುರು ಮಾಡಿದ. ಒಂದು ಕಾರ್ಡು ದ್ಯಾಮಮ್ಮನ ಕಾಲ ಬಳಿ ಬಿತ್ತು. ಅವಳು ಎತ್ತಿ ಬೆರಳಾಡಿಸಿದಳು. "ನಂಗೆ ಓದೋಕೆ ಬರಲ್ಲ," ಎಂದಳು ಮುಸ್ತಕೀಮ್‌ಗೆ, "ಆದ್ರೂ ಅವಳು ಬರೆದಿದ್ದು ಗೊತ್ತಾಗುತ್ತೆ." ಮುಸ್ತಕೀಮ್ ಅದನ್ನು ಅವಳ ಕೈಯಿಂದ ಮೆತ್ತಗೆ ತೆಗೆದುಕೊಂಡು ಕಟ್ಟಿಗೆ ಸೇರಿಸಿದ. ಆವತ್ತು ಮತ್ತೆ ಅವನು ಒಂದೂ ತಮಾಷೆ ಮಾಡಲಿಲ್ಲ.

ಒಟ್ಟು ಏಳು ಸಾವಿರದ ಎಂಟುನೂರ ನಲವತ್ತಾರು ಕಾರ್ಡು. ಎಪ್ಪತ್ತೊಂಬತ್ತು ಕಟ್ಟು. ಅರಗಿನ ಮೊಹರು ಹಾಕಿ ಅಮಾನತು ಪಡಿಸಿ ವಶಕ್ಕೆ ತೆಗೆದುಕೊಳ್ಳಲಾಯಿತು. ಸಂಜೆ 4 ಗಂಟೆ 20 ನಿಮಿಷಕ್ಕೆ ಲಿಂಗಪ್ಪ ಬಿನ್ ಚೌಡಯ್ಯ, ವಯಸ್ಸು 61, ಇವರನ್ನು ದಸ್ತಗಿರಿ ಮಾಡಲಾಯಿತು. ಓಣಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಕುಕ್ಕರಿನ ಹಿಡಿ ತಂದಿದ್ದ ಹೆಂಗಸೊಬ್ಬಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ವಾಪಸ್ ಹೋದಳು.

ಸಂಜೆ ಆರೂವರೆಗೆ ಧನಲಕ್ಷ್ಮಿ ಓಡಿಕೊಂಡು ಠಾಣೆಗೆ ಬಂದಳು. ಮುಖ ಹೊಳೆಯುತ್ತಿತ್ತು.

"ಸಿಕ್ತಂತೆ ಸರ್. ಕೊಡಿ. ಶನಿವಾರ ಭಾನುವಾರ ಕೂತು ಜೋಡಿಸ್ತೀವಿ."

"ಕೊಡೋಕೆ ಬರಲ್ಲಮ್ಮ."

"ಯಾಕೆ?"

"ಅದೀಗ ಮುದ್ದೆಮಾಲು, ಕೇಸಿನ ಸಾಕ್ಷಿ. ನಾಳೆ ಕೋರ್ಟಿಗೆ ಒಪ್ಪಿಸ್ತೀನಿ. ನೀವು ಕೋರ್ಟಿಗೆ ಅರ್ಜಿ ಹಾಕಿ ಬಿಡಿಸ್ಕೋಬೇಕು."

"ಅರ್ಜಿ ಹಾಕೋಕೆ ಬೆಂಗಳೂರಿಂದ ಇಲಾಖೆ ಪತ್ರ ಬೇಕು ಸರ್. ಅದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತೆ."

ಓಬಯ್ಯ ಕಡತಕ್ಕೆ ದಾರ ಸುತ್ತಿ ಗಂಟು ಹಾಕಿದ.

"ನಾನೇ ಕಾರ್ಡಿನ ಒಡತಿ ಅಲ್ವಾ? ಕಳ್ಳನೂ ಕೊಡ್ತೀನಿ ಅಂತಾನೆ. ನಿಮಗೇನು ಕಷ್ಟ?"

"ಎಫ್‌ಐಆರ್ ಆಗಿದೆಯಲ್ಲಮ್ಮ."

ಧನಲಕ್ಷ್ಮಿ ಆವತ್ತು ಕೂತಿರದ ಕುರ್ಚಿಯಲ್ಲಿ ಈಗ ಕೂತಳು. ಎಫ್‌ಐಆರ್ ಬೇಕು ಎಂದವಳು ಅವಳೇ. ಮೇಜಿನ ಆ ಕಡೆ ಎಪ್ಪತ್ತೊಂಬತ್ತು ಕಟ್ಟುಗಳ ಮೇಲೆ ಅರಗು ಇನ್ನೂ ಕೆಂಪಗೆ ಮಿನುಗುತ್ತಿತ್ತು. ಬಿಗಿಯಾಗಿ ತಿರುಗಿಸಿದಷ್ಟೂ ಬಿಚ್ಚಿಕೊಳ್ಳುವ ತಿರುಪು ಒಂದಿತ್ತು. ಅದನ್ನು ಮಾಡಿದವನು ಹಿಂದಿನ ಕೋಣೆಯಲ್ಲಿ ಬೆಂಚಿನ ಮೇಲೆ ಕೂತಿದ್ದ. ಓಬಯ್ಯನ ಗಂಟು ಅಂಥದ್ದಲ್ಲ.

ಶನಿವಾರ ಲಿಂಗಪ್ಪನಿಗೆ ಓಣಿಯವರೊಬ್ಬರ ಜಾಮೀನಿನ ಮೇಲೆ ಬಿಡುಗಡೆಯಾಯಿತು. 24, ಮಂಗಳವಾರ ಸಭೆ ನಡೆಯಿತು. ಕಾರ್ಡು ನೋಡದೆ ಸಹಿ ಹಾಕುವುದಿಲ್ಲ ಎಂದು ಮೂರು ಕಾಲೇಜಿನವರು ಎದ್ದುಹೋದರು. ಕಾಲೇಜಿನವರಲ್ಲಿ ಪೆನ್ನಿನ ಕ್ಯಾಪ್ ತೆಗೆದು ಸಹಿ ಹಾಕಿದವನು ಶಿವಪ್ರಸಾದ್ ಒಬ್ಬನೇ ಎಂದು ಕಲ್ಲಮ್ಮ ಆಮೇಲೆ ಹೇಳಿದಳು. ಒಬ್ಬನ ಸಹಿಯಿಂದ ಬಸ್ಸಿಗೆ ಟ್ರಂಕು ಏರುವುದಿಲ್ಲ. ಸಭೆ ಮುಂದಕ್ಕೆ ಹೋಯಿತು. ಯಾವ ತಾರೀಕಿಗೆ ಎಂದು ಯಾರೂ ಬರೆಯಲಿಲ್ಲ.

ಸೆಪ್ಟೆಂಬರ್ 2, ಗುರುವಾರ. ಚುನಾವಣೆ ಬಂದೋಬಸ್ತಿನ ಕೆಲಸಕ್ಕೆ ಭದ್ರಾವತಿಗೆ ಹೋಗಿದ್ದ ಓಬಯ್ಯ ಸಂಜೆ 5ಕ್ಕೆ ಹಳೇನಗರದ ಓಣಿಗೆ ತಿರುಗಿದ. ಯಾಕೆಂದು ಮುಸ್ತಕೀಮ್ ಕೇಳಲಿಲ್ಲ. ಠಾಣಾ ದಿನಚರಿಯಲ್ಲೂ ಅದು ಇಲ್ಲ.

ಲಿಂಗಪ್ಪ ಜಗುಲಿಯಲ್ಲಿ ಯಾರದೋ ಸೀಮೆಎಣ್ಣೆ ಸ್ಟೌ ಬಿಚ್ಚಿಕೊಂಡು ಕೂತಿದ್ದ. ಎದ್ದು ಕೈ ಒರೆಸಿಕೊಂಡ.

"ಕೋರ್ಟಿನ ಆ ರೂಮಲ್ಲಿ ಇಲಿ ಇವೆಯಾ ಸರ್?"

ಇಡೀ ದಾರಿ ಓಬಯ್ಯ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಜೋಡಿಸಿಕೊಂಡು ಬಂದಿದ್ದ. ಇಲಿಯ ಪ್ರಶ್ನೆ ಅದರಲ್ಲಿರಲಿಲ್ಲ.

"ನೋಡ್ತೀನಿ," ಎಂದ. "ಬೇವಿನ ಸೊಪ್ಪು ಇಡೋಕೆ ಹೇಳ್ತೀನಿ."

"ವರಸೆ ತಪ್ಪಿರುತ್ತೆ."

"ತಪ್ಪಿದೆ. ನಾನೇ ತಪ್ಪಿಸಿದ್ದು." ಓಬಯ್ಯ ಜೇಬಿಗೆ ಕೈ ಹಾಕಿ ಚೀಟಿ ತೆಗೆದ. ಹದಿನೈದು ದಿನದಿಂದ ಒಂದು ಷರ್ಟಿನಿಂದ ಇನ್ನೊಂದು ಷರ್ಟಿಗೆ ಅದು ಅವನ ಜೊತೆ ಓಡಾಡಿತ್ತು. "ಇದು ಪಂಚನಾಮೆಯಲ್ಲಿ ಇಲ್ಲ. ನೀವು ಇಟ್ಕೊಳ್ಳಿ. ಹಿಂದೆ ಇರೋದು ಧನಲಕ್ಷ್ಮಿ ಮೇಡಂ ನಂಬರು. ಕಾರ್ಡು ಎಂದಾದ್ರೂ ಬಂದ್ರೆ ಮತ್ತೆ ಜೋಡಿಸೋಕೆ ಯಾರಾದ್ರೂ ಬೇಕಾಗುತ್ತೆ."

ಲಿಂಗಪ್ಪ ನಂಬರು ನೋಡಲಿಲ್ಲ. ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಅಕ್ಷರ ನೋಡಿದ.

"ದೀರ್ಘ ಬಿಟ್ಟಿದ್ದಾಳೆ," ಎಂದ. "ಭದ್ರವತಿ ಅಂತ ಬರೆದಿದ್ದಾಳೆ. ಚಿಕ್ಕವಳಿದ್ದಾಗಿಂದ ಇದೊಂದು ತಪ್ಪು ಹೋಗಲೇ ಇಲ್ಲ. ಸ್ವಂತ ಊರಿನ ಹೆಸರು."

"ಹೌದು. ಅದಕ್ಕೇ ಕತ್ತರಿಸಿದ್ದು."

ಲಿಂಗಪ್ಪ ಒಳಗೆ ಹೋಗಿ ಉಳಿದಿದ್ದ ಬಿಳಿ ನೂಲಿನ ಉಂಡೆ ತಂದ. ಒಂದು ಗೇಣು ಹರಿದು, ಗೋಡೆಯ ಮೊಳೆಗೆ ತೂಗುಹಾಕಲು ಚೀಟಿಗೆ ಪೋಣಿಸಹೊರಟ. ಕಾರ್ಡನ್ನು ನಡುವಿಗೆ ಕತ್ತರಿಸುವಾಗ ತೂತೂ ಅರ್ಧ ಹೋಗಿತ್ತು. ದಾರ ನಿಲ್ಲಲಿಲ್ಲ, ಜಾರಿತು. ತುದಿಯನ್ನು ನಾಲಿಗೆಗೆ ಒದ್ದೆ ಮಾಡಿಕೊಂಡು ಇನ್ನೊಮ್ಮೆ ಇಟ್ಟ. ಮತ್ತೆ ಜಾರಿತು.

ಓಬಯ್ಯ ಮೆಟ್ಟಿಲ ಮೇಲೆ ನಿಂತು ಅದನ್ನು ನೋಡುತ್ತಿದ್ದ. ಆ ಪ್ರಕರಣದ ಕಡತದಲ್ಲಿ ಉದ್ದೇಶ ಎನ್ನುವ ಕಡೆ ಅವನು ಬರೆದದ್ದು ಇಷ್ಟೇ: "ಆರೋಪಿಯು ಸದರಿ ಸ್ವತ್ತನ್ನು ಕಾಪಾಡುವ ಉದ್ದೇಶದಿಂದ ಕಳವು ಮಾಡಿರುತ್ತಾನೆ." ಯಾವ ವಕೀಲನೂ ಆ ಸಾಲಿನಲ್ಲಿ ಸೂಜಿ ತೂರಿಸಲಿಲ್ಲ.